‘ದಿವಸ’ಕ್ಕೂ ‘ಡೇ’ಗೂ ನಂಟು ಕಟ್ಟುವ ಮುನ್ನ

ಮಾನ್ಯರೇ,

ಹಗಲನ್ನು ಹೇಳುವ ‘ಡೇ’ ಎಂಬ ಇಂಗ್ಲಿಷ್ ಪದದ ಹುಟ್ಟನ್ನು ಕುರಿತು ಸೋಮವಾರಪೇಟೆಯಿಂದ ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಬದಿಗಿಡುವ ಬರಹವೂ ಅದಲ್ಲವಾದ್ದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಸಂಸ್ಕೃತದ ‘ದಿವಸ’, ಲ್ಯಾಟಿನ್ನಿನ ‘ದಿಯೆಸ್’, ಇಂಗ್ಲಿಷಿನ ‘ಡೇ’ ಮೂರೂ ಒಂದೇ ಮೂಲದವು ಎಂಬುದು ನಿಮ್ಮ ವಾದ. ಮೊದಲೆರಡರ ಮಟ್ಟಿಗೆ ಅದು ನಿಜ. ಹೊಳೆಯುವುದನ್ನು ಹೇಳುವ ಆ ಧಾತುವಿನಿಂದಲೇ ‘ದೇವ’ ಪದವೂ ಬಂದಿದೆ. ಮೂರನೆಯದನ್ನು ಅವುಗಳೊಡನೆ ಸೇರಿಸಲು ನೀವು ಕೊಟ್ಟಿರುವುದು ಉಚ್ಚಾರದ ಹೋಲಿಕೆಯೊಂದನ್ನೇ, ಮತ್ತು ವಾದ ಕುಸಿಯುವುದು ಅಲ್ಲಿಯೇ. ಜರ್ಮನ್ ಭಾಷಾವಿಜ್ಞಾನಿ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ಧ್ವನಿನಿಯಮದ ಪ್ರಕಾರ ಈ ಮೂರೂ ಭಾಷೆಗಳ ಪೂರ್ವಜವಾದ ಮೂಲಭಾಷೆಯ ‘ದ’ಕಾರ ಇಂಗ್ಲಿಷಿನಲ್ಲಿ ‘ಟ’ಕಾರವಾಗುತ್ತದೆ: ‘ದಶ’ಕ್ಕೆ ‘ಟೆನ್’, ‘ದ್ವಿ’ಗೆ ‘ಟೂ’. ಹಾಗಾದರೆ ‘ದೇವ’ದ ಇಂಗ್ಲಿಷ್ ಬಂಧುವೂ ‘ಟ’ದಿಂದಲೇ ಶುರುವಾಗಬೇಕಲ್ಲವೇ? ಹಾಗೆಯೇ ಆಗಿದೆ; ‘ಟ್ಯೂಸ್‌ಡೇ’ಯ ಮೊದಲ ಭಾಗದಲ್ಲಿರುವ ಟೀವ್ ಎಂಬ ದೇವತೆಯ ಹೆಸರು ಅದೇ.

‘ಡೇ’ ಹಳೆಯ ಇಂಗ್ಲಿಷಿನಲ್ಲಿ ‘ಡ್ಯಾಯ್’ ಎಂಬಂತೆ ಕೇಳುತ್ತಿತ್ತು. ಜರ್ಮನ್ನಿನ ‘ಟಾಗ್’ ಅದರ ಒಡಹುಟ್ಟು. ಆಗ ಅದರ ಮುಖ್ಯ ಅರ್ಥ ಸೂರ್ಯ ಮೇಲಿರುವ ಹೊತ್ತು. ಇಪ್ಪತ್ತನಾಲ್ಕು ಗಂಟೆಯ ಅರ್ಥ ಬಲಗೊಂಡದ್ದು ಆಮೇಲೆ. ಅದರ ಮೂಲ ಉರಿಯುವುದನ್ನು ಹೇಳುವ ಧಾತುವೆಂದೂ ಸಂಸ್ಕೃತದ ‘ದಹ್’ ಅದರ ಬಂಧುವೆಂದೂ ಹಲವು ವಿದ್ವಾಂಸರು ಊಹಿಸುತ್ತಾರೆ. ಇದನ್ನು ಊಹೆಯೆಂದೇ ಬರೆಯಿರಿ. ‘ದಹ್’ ಕೂಡ ‘ದ’ದಿಂದಲೇ ಆರಂಭವಾಗುತ್ತದಲ್ಲ ಎಂದು ಓದುಗರು ಕೇಳಿಯಾರು. ಅದರ ಮೊದಲಕ್ಷರ ಮೂಲದಲ್ಲಿ ಮಹಾಪ್ರಾಣ ‘ಧ’. ‘ಧಕ್ಷ್ಯತಿ’ ಎಂಬ ಭವಿಷ್ಯದ್ರೂಪದಲ್ಲಿ ಅದು ಇಂದಿಗೂ ಉಳಿದಿದೆ. ಆ ‘ಧ’ಕಾರವೇ ಇಂಗ್ಲಿಷಿನಲ್ಲಿ ‘ಡ’ಕಾರವಾಗುವುದು.

ಲೇಖನದ ಕೊನೆಯಲ್ಲಿ ಅವಸರದಿಂದ ಬಂದುಹೋಗುವ ಕಾಫಿ ಕಣದ ಭಾಗವೇ ನಿಮ್ಮ ಬರವಣಿಗೆಯ ನಿಜವಾದ ಶಕ್ತಿ. ಹರಡಿದ ರೊಬಸ್ಟಾ ಹಣ್ಣನ್ನು ಬಿಸಿಲೇರಿದಂತೆ ಕೆದಕಿ ತಿರುವುವುದು, ಮೋಡ ಕವಿದೊಡನೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುವುದು ಕಣ್ಣಿಗೆ ಕಟ್ಟುವಂತಿವೆ. ಕಣದಲ್ಲಿ ನಿಂತವರಿಗೆ ಹಗಲೆಂದರೆ ಬೆಳಕಿಗಿಂತ ಮೊದಲು ಕಾವು. ‘ದಹ್’ ಕುರಿತ ಊಹೆಯನ್ನು ವಿವರಿಸಲು ಅದಕ್ಕಿಂತ ತಕ್ಕ ಜಾಗವಿಲ್ಲ. ಆ ಭಾಗವನ್ನು ಮುಂದಕ್ಕೆ ತಂದು ಬೆಳೆಸಿ. ‘ಡೇಸಿ’ ಹೂವಿನ ಹೆಸರು ‘ಹಗಲಿನ ಕಣ್ಣು’ ಎಂಬುದರಿಂದ ಬಂದದ್ದನ್ನೂ ಸೇರಿಸಬಹುದು. ಬೆಳಿಗ್ಗೆ ಅರಳಿ ಸಂಜೆ ಮುಚ್ಚಿಕೊಳ್ಳುವ ಹೂವದು. ಸಂಸ್ಕೃತವೇ ಎಲ್ಲ ಭಾಷೆಗಳ ತಾಯಿ ಎಂಬ ಪುಟವನ್ನು ಪೂರ್ತಿ ತೆಗೆಯಿರಿ. ತಿದ್ದಿದ ಪ್ರತಿಯನ್ನು ಕಳುಹಿಸಿದರೆ ನಾನೇ ಓದುತ್ತೇನೆ.

ಇತಿ,
ಸಂಪಾದಕ, ಮಡಿಕೇರಿ