ಕೊಡಗಿನಿಂದ ಎರಡು ದಿನಕ್ಕೆ ದ್ವೀಪ ನೋಡಲು ಹೋದರೆ ಹಕ್ಕಿ, ಡಾಲ್ಫಿನ್ ಸಿಗುತ್ತವಾ?

ಗೋಣಿಕೊಪ್ಪದಿಂದ ಹೊರಟು ಎರಡು ದಿನದಲ್ಲಿ ಮಕ್ಕಳಿಗೆ ಒಂದು ದ್ವೀಪ ತೋರಿಸಬೇಕು, ಹಕ್ಕಿ, ಡಾಲ್ಫಿನ್ ಎಲ್ಲ ಕಾಣಬೇಕು, ಮಲ್ಪೆಯ ಸೇಂಟ್ ಮೇರೀಸ್ ಸಾಕಾ ಅಂತ ಕೇಳಿದ್ದೀರಿ. ನಾನು ವಿರಾಜಪೇಟೆ ಕಡೆಯವನು. ತೋಟದ ಕೆಲಸ ಬಿಡುವು ಕೊಟ್ಟಾಗೆಲ್ಲ ಕಡಲಿನ ಕಡೆ ಇಳಿಯುವ ಚಟ ಇದೆ. ನನ್ನ ಕೇಳಿದರೆ, ಹಕ್ಕಿಗೋಸ್ಕರ ಸೇಂಟ್ ಮೇರೀಸ್‌ಗೆ ಹೋಗಬೇಡಿ.

ಅದು ಕಲ್ಲು ನೋಡುವ ಜಾಗ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಆರಿ, ಕುಗ್ಗಿ, ಬಿರುಕು ಬಿಟ್ಟು ಕಂಬಗಳಾಗಿ ನಿಂತಿದೆ. ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗೆ ಕಾಣುತ್ತದೆ. ಅದಕ್ಕಾಗಿ ಖಂಡಿತ ಹೋಗಿ. ಆದರೆ ಬೋಟ್ ಇಳಿಯುವಷ್ಟರಲ್ಲಿ ಬಿಸಿಲು ಏರಿರುತ್ತದೆ, ರಜೆ ದಿನ ಜನವೋ ಜನ. ಹಕ್ಕಿ ಬೇಕಿದ್ದರೆ ಬೆಳಿಗ್ಗೆ ಮಲ್ಪೆ ಬಂದರಿನಲ್ಲೇ ನಿಲ್ಲಿ. ಮೀನು ಇಳಿಸುವ ಹೊತ್ತಿಗೆ ತಲೆ ಮೇಲೆ ಗರುಡ, ಹದ್ದು, ಚಳಿಗಾಲವಾದರೆ ವಲಸೆ ಬಂದ ಗಲ್ ಹಕ್ಕಿಗಳು. ಟಿಕೆಟ್ ಬೇಡ!

ನಿಮಗೆ ಹತ್ತಿರ ಆಗುವುದು ಧರ್ಮಡಂ. ಕೇರಳ ಅಂತ ನಮ್ಮವರು ಇದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ, ಕೂತುಪರಂಬ ದಾಟಿದರೆ ತಲಶ್ಶೇರಿ, ಅಲ್ಲೇ ಪಕ್ಕ. ದಡದಿಂದ ಬರೀ 100 ಮೀಟರ್ ಆಚೆ ಒಂದು ಪುಟ್ಟ ದ್ವೀಪ, ತುಂಬ ತೆಂಗು, ಪೊದೆ. ನೀರು ಇಳಿದಾಗ ನಡೆದೇ ಹೋಗಬಹುದು. ಮಕ್ಕಳಿಗೆ ಇದಕ್ಕಿಂತ ಮಜಾ ಏನಿದೆ?

ಇಲ್ಲಿ ಎಲ್ಲವೂ ಇಳಿತದ ಮೇಲೆ ನಿಂತಿದೆ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಆರು ಗಂಟೆ, ಹೊತ್ತು ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ. ಹಾಗಾಗಿ ಹೋಟೆಲ್ ಬುಕ್ ಮಾಡುವ ಮುಂಚೆ ಕ್ಯಾಲೆಂಡರ್ ನೋಡಿ, ಇಳಿತದ ಸಮಯ ಮೊಬೈಲಲ್ಲಿ ಸಿಗುತ್ತದೆ. ನೀರು ಇನ್ನೂ ಇಳಿಯುತ್ತಿರುವಾಗ ಹೊರಡಿ, ತಿರುಗಿ ಏರಲು ಶುರುವಾಗುವ ಮುಂಚೆ ವಾಪಸ್ ಬನ್ನಿ. ದಾಟುವ ಮುಂಚೆ ಅಲ್ಲಿಯ ಮೀನುಗಾರರನ್ನು ಒಂದು ಮಾತು ಕೇಳಿ, ಅವರು ಬೇಡ ಅಂದರೆ ಬೇಡ. ನೀರು ಇಳಿದ ಬಂಡೆ ಸಂದಿಗಳಲ್ಲಿ ಏಡಿ, ಸಣ್ಣ ಮೀನು, ಖಾಲಿ ಶಂಖದೊಳಗೆ ಮನೆ ಮಾಡಿದ ಸನ್ಯಾಸಿ ಏಡಿ ಎಲ್ಲ ಸಿಗುತ್ತವೆ. ಶಂಖ ಹೆಕ್ಕುವ ಮಕ್ಕಳಿಗೆ ಒಳಗೆ ಯಾರಾದರೂ ಇದ್ದಾರಾ ನೋಡಲು ಹೇಳಿ. ಬಂಡೆ ಮೇಲೆ ಒಂಟಿಯಾಗಿ ನಿಂತ ಬೂದು ಬಣ್ಣದ ಬೆಳ್ಳಕ್ಕಿ ಕಂಡರೆ ಅದು ಕಡಲಂಚಿನದು, ನಮ್ಮ ಗದ್ದೆಯದ್ದಲ್ಲ. ಅದೇ ಜಾತಿಯಲ್ಲಿ ಬಿಳಿಯವೂ ಇರುತ್ತವೆ, ಅದೇ ತಲೆನೋವು.

ಡಾಲ್ಫಿನ್ ಗ್ಯಾರಂಟಿ ಯಾರೂ ಕೊಡಲಾರರು. ನಮ್ಮ ಕರಾವಳಿಯಲ್ಲಿ ದಡದ ಹತ್ತಿರ ಕಾಣುವುದು ಗೂನು ಬೆನ್ನಿನ ಡಾಲ್ಫಿನ್, ಹೊಳೆ ಕಡಲು ಸೇರುವ ಕಡೆ ಮೀನು ಹುಡುಕಿಕೊಂಡು ಬರುತ್ತದೆ. ಕಾರವಾರದ ದೇವಬಾಗ್, ಕೂರ್ಮಗಡ ಕಡೆ ಬೋಟ್ ಇವೆ, ಆದರೆ ಎರಡು ದಿನದಲ್ಲಿ ಅಷ್ಟು ದೂರ ಹೋಗಿ ಬರುವುದು ಮಕ್ಕಳಿಗೆ ಶಿಕ್ಷೆ. ಎಂದಾದರೂ ಹೋದರೆ, ಹಿಂಡಿನ ಹಿಂದೆ ಓಡಿಸುವ ಬೋಟಿನವನಿಗೆ ಎಂಜಿನ್ ಆರಿಸಲು ಹೇಳಿ. ಸುಮ್ನೆ ಕೂತರೆ ಕೆಲವೊಮ್ಮೆ ತಾವೇ ಹತ್ತಿರ ಬರುತ್ತವೆ.

ಮುರುಡೇಶ್ವರದ ಆಚೆ ಇರುವ ನೇತ್ರಾಣಿ ಬಿಳಿಹೊಟ್ಟೆಯ ಕಡಲ ಹದ್ದುಗಳ ಗೂಡಿಗೆ ಹೆಸರುವಾಸಿ. ಅಲ್ಲಿಗೆ ಹೋಗುವವರು ಹೆಚ್ಚಾಗಿ ಡೈವಿಂಗ್ ಜನ. ಮಕ್ಕಳು ಬೆಳೆದ ಮೇಲೆ ನೋಡೋಣ.

ಯಾವಾಗ ಅಂದರೆ, ಸೆಪ್ಟೆಂಬರ್ ಶುರುವಿನಲ್ಲಿ ಬರುವ ನಮ್ಮ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಕಡಲು ಇನ್ನೂ ಒರಟು. ವಲಸೆ ಹಕ್ಕಿಗಳು ಇರುವ ತಿಂಗಳಲ್ಲೇ ನಮಗೆ ಕಾಫಿ ಕೊಯ್ಲು, ಏನು ಮಾಡೋದು. ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದ ತನಕ ಒಂದು ಸಂದಿ ಸಿಗುತ್ತದೆ, ಅದನ್ನೇ ಹಿಡಿಯಿರಿ. ಮಾಕುಟ್ಟದ ತಿರುವುಗಳಿಗೆ ಮಕ್ಕಳಿಗೆ ಹೊಟ್ಟೆ ತೊಳಸಬಹುದು, ವಿರಾಜಪೇಟೆ ಬಿಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ.