ದುಬೈಯಾ ಶಾರ್ಜಾವಾ? ಮೊದಲು ಶಾಲೆ, ಆಮೇಲೆ ಮನೆ

ಬನ್ನಂಜೆಯಿಂದ ನೀವು ಬರೆದದ್ದು ಓದಿದೆ. ನಿಮ್ಮವರಿಗೆ ದುಬೈನಲ್ಲಿ ಕೆಲಸ ಸಿಕ್ಕಿದೆ, ಮಗಳು ಏಳನೇ ಕ್ಲಾಸು, ಮಗ ಯುಕೆಜಿ. ಶಾರ್ಜಾದಲ್ಲಿ ಬಾಡಿಗೆ ಕಡಿಮೆ, ಅಲ್ಲೇ ಮನೆ ಮಾಡಿ ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾವು ಅಲ್ಲಿಗೆ ಹೋಗಿ 11 ವರ್ಷ ಆಯಿತು, ಎರಡೂ ಊರಲ್ಲಿ ಇದ್ದು ನೋಡಿದ್ದೇವೆ. ಈಗ ರಜೆಗೆ ಕಾವೂರಿನ ಮನೆಗೆ ಬಂದಿದ್ದೇನೆ. ಹೊರಗೆ ಜೋರು ಮಳೆ, ಕೂತು ಬರೆಯಲಿಕ್ಕೆ ಸಮಯ ಉಂಟು.

ನೇರ ಹೇಳುತ್ತೇನೆ. ಮನೆ ಹುಡುಕುವುದನ್ನು ಈಗ ನಿಲ್ಲಿಸಿ. ಮೊದಲು ಶಾಲೆಯಲ್ಲಿ ಸೀಟು ಆಗಲಿ, ಆಮೇಲೆ ಆ ಶಾಲೆಯ ಹತ್ತಿರ ಮನೆ ನೋಡಿ. ನಾವು ಇದನ್ನೇ ಉಲ್ಟಾ ಮಾಡಿದೆವು, ಅದರ ಕಷ್ಟ ನನ್ನ ಮಗ ಅನುಭವಿಸಿದ.

ನಾವು ಅಲ್ಲಿಗೆ ಹೋದ ಮೊದಲ ವರ್ಷವೇ ಶಾರ್ಜಾದ ಅಲ್ ಖಾನ್ ಕಡೆ ಮನೆ ಮಾಡಿದ್ದೆವು. ಎರಡು ಬೆಡ್‌ರೂಮು, ಬಾಲ್ಕನಿಯಲ್ಲಿ ನಿಂತರೆ ಸಮುದ್ರ. ಪಣಂಬೂರು ನೋಡಿ ಬೆಳೆದ ನನಗೆ ಅಷ್ಟೇ ಸಾಕಾಯಿತು, ನೋಡಿದ ದಿನವೇ ಒಪ್ಪಿದೆ. ಮಗನಿಗೆ ಸೀಟು ಸಿಕ್ಕಿದ್ದು ದುಬೈನ ಮುಹೈಸ್ನಾದಲ್ಲಿ, ಒಂದನೇ ಕ್ಲಾಸಿಗೆ. ಮ್ಯಾಪ್‌ನಲ್ಲಿ ನೋಡಿದರೆ ಹತ್ತಿರ. ಆದರೆ ಶಾಲೆಯ ಬಸ್ಸು ಹತ್ತಾರು ಕಟ್ಟಡ ಸುತ್ತಿ ಮಕ್ಕಳನ್ನು ಹತ್ತಿಸಿಕೊಂಡು ಹೋಗಬೇಕಲ್ಲ, ನಮ್ಮ ಕಟ್ಟಡ ಅದರ ಮೊದಲ ಸ್ಟಾಪು. ಬೆಳಿಗ್ಗೆ 5:40ಕ್ಕೆ ಕೆಳಗೆ ಇರಬೇಕು. ಆರು ವರ್ಷದ ಮಗುವನ್ನು ಐದಕ್ಕೆ ಎಬ್ಬಿಸುವುದು ಅಂದರೆ ಏನು ಅಂತ ನಿಮಗೆ ಗೊತ್ತು. ದೋಸೆಗೆ ಬೆಲ್ಲ-ತೆಂಗಿನಕಾಯಿ ಹಾಕಿ ಸುರುಳಿ ಮಾಡಿ ಕೈಗೆ ಕೊಡುತ್ತಿದ್ದೆ. ಲಾಬಿಯ ಸೋಫಾದಲ್ಲಿ ಕೂತು ಅರ್ಧ ತಿಂದು, ಉಳಿದ ಅರ್ಧ ಕೈಯಲ್ಲೇ ಹಿಡಿದುಕೊಂಡು ನಿದ್ದೆ ಮಾಡುತ್ತಿದ್ದ. ಬಸ್ಸು ಬಂದಾಗ ವಾಚ್‌ಮ್ಯಾನ್ ಬ್ಯಾಗು ಹಿಡಿಯುವುದು, ನಾನು ಮಗುವನ್ನು ಎತ್ತಿಕೊಂಡು ಹೋಗಿ ಸೀಟಿನಲ್ಲಿ ಕೂರಿಸುವುದು. ಮಧ್ಯಾಹ್ನ ವಾಪಸ್ ಬರುವಾಗ ಮೂರೂವರೆ. ಊಟ ಮಾಡಿ ಮಲಗಿದರೆ ಏಳುತ್ತಿದ್ದದ್ದು ಕತ್ತಲಾದ ಮೇಲೆ. ಆಟ ಇಲ್ಲ, ಮಾತಿಲ್ಲ. ಟೀಚರ್ ಕರೆದು, ಮಗು ಕ್ಲಾಸಿನಲ್ಲಿ ನಿದ್ದೆ ಮಾಡುತ್ತಾನೆ ಅಂದರು. ಅವತ್ತು ರಾತ್ರಿ ನಾನು ತುಂಬ ಅತ್ತೆ.

ಮನೆ ಬಿಡೋಣ ಅಂದರೆ ವರ್ಷದ ಕರಾರು. ಬಾಡಿಗೆಗೆ ಮೊದಲೇ ಬರೆದುಕೊಟ್ಟ ಚೆಕ್ಕುಗಳೆಲ್ಲ ಮಾಲೀಕರ ಕೈಯಲ್ಲಿ. ನಡುವೆ ಬಿಟ್ಟರೆ ಎರಡು ತಿಂಗಳ ಬಾಡಿಗೆ ದಂಡ ಅಂತ ಕರಾರಿನಲ್ಲೇ ಬರೆದಿತ್ತು. ಅದನ್ನೂ ಕಟ್ಟಿ ದುಬೈನ ಅಲ್ ಖುಸೈಸ್‌ಗೆ ಬಂದೆವು. ಒಂದು ಬೆಡ್‌ರೂಮು ಕಡಿಮೆ, ಬಾಡಿಗೆ ಜಾಸ್ತಿ. ಆದರೆ ಮಗ ಆರೂವರೆವರೆಗೆ ಮಲಗಿದ.

ಶಾರ್ಜಾ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬಾಡಿಗೆ ನಿಜವಾಗಿಯೂ ಕಡಿಮೆ, ಕರಾರು ಆದ ಮೇಲೆ ಮೊದಲ 3 ವರ್ಷ ಬಾಡಿಗೆ ಏರಿಸುವ ಹಾಗೂ ಇಲ್ಲ. ಅಲ್ಲಿ ಒಳ್ಳೆಯ ಇಂಡಿಯನ್ ಶಾಲೆಗಳೂ ಇವೆ. ಮಕ್ಕಳನ್ನೂ ಶಾರ್ಜಾದಲ್ಲೇ ಓದಿಸುವುದಾದರೆ, ನಿಮ್ಮವರ ಆಫೀಸು ದುಬೈನ ಶಾರ್ಜಾ ಬದಿಯ ತುದಿಯಲ್ಲಿದ್ದರೆ, ಧಾರಾಳವಾಗಿ ಅಲ್ಲೇ ಇರಿ. ಒಂದು ವಿಷಯ ಮಾತ್ರ ನೆನಪಿಡಿ: 2022ರ ಜನವರಿಯಿಂದ ಶಾರ್ಜಾದಲ್ಲಿ ಶಾಲೆಗಳಿಗೆ ಶುಕ್ರವಾರ, ಶನಿವಾರ, ಭಾನುವಾರ ಮೂರು ದಿನ ರಜೆ. ದುಬೈನಲ್ಲಿ ಶುಕ್ರವಾರ ಅರ್ಧ ದಿನ ಶಾಲೆ ಇರುತ್ತದೆ. ನೀವೂ ಮುಂದೆ ಕೆಲಸಕ್ಕೆ ಹೋಗುವ ಯೋಚನೆ ಇದ್ದರೆ ಆ ಶುಕ್ರವಾರ ಸಣ್ಣ ಮಗನನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಈಗಲೇ ಯೋಚಿಸಿ.

ರಸ್ತೆಯ ಬಗ್ಗೆ ಹೇಳಲೇಬೇಕು. ಸಂಜೆ ಮಂಗಳೂರಿನ ಪಂಪ್‌ವೆಲ್‌ನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಬಿದ್ದಿದ್ದೀರಲ್ವಾ? ಶಾರ್ಜಾದಿಂದ ದುಬೈಗೆ ಹೋಗುವ ಅಲ್ ಇತ್ತಿಹಾದ್ ರಸ್ತೆಯಲ್ಲಿ ಅದು ದಿನಕ್ಕೆರಡು ಸಲ, ಮೈಲುಗಟ್ಟಲೆ. ಮೆಟ್ರೋ ಶಾರ್ಜಾಕ್ಕೆ ಬರುವುದಿಲ್ಲ, ಗ್ರೀನ್ ಲೈನ್ ಗಡಿಯ ಹತ್ತಿರ ಖುಸೈಸ್‌ನಲ್ಲೇ ಮುಗಿಯುತ್ತದೆ. ಆ ರಸ್ತೆಯಲ್ಲೇ ಮಮ್ಜರ್ ಹತ್ತಿರ ಸಾಲಿಕ್ ಟೋಲ್ ಉಂಟು, 2025ರಿಂದ ಕೆಲಸದ ದಿನ ಬೆಳಿಗ್ಗೆ ಸಂಜೆ ಅದು 6 ದಿರ್ಹಮ್. ಟೋಲು, ಪೆಟ್ರೋಲು, ಕಾರಿನ ಕಂತು ಎಲ್ಲ ಸೇರಿಸಿ, ಶಾರ್ಜಾದಲ್ಲಿ ಉಳಿಯುವ ಬಾಡಿಗೆಯಿಂದ ಕಳೆದು ನೋಡಿ. ನಮ್ಮ ಲೆಕ್ಕದಲ್ಲಿ ಉಳಿದದ್ದು ಬಹಳ ಸಣ್ಣ ಮೊತ್ತ. ನಿಮ್ಮವರ ಆಫೀಸು ಎಲ್ಲಿ ಅಂತ ನೀವು ಬರೆದೇ ಇಲ್ಲ, ಅದನ್ನು ಮೊದಲು ಕೇಳಿಕೊಳ್ಳಿ. ದೇರಾ ಅಥವಾ ಏರ್‌ಪೋರ್ಟ್ ಕಡೆ ಆದರೆ ಖುಸೈಸ್, ಮುಹೈಸ್ನಾ, ದುಬೈ ಬದಿಯ ಅಲ್ ನಹ್ದಾ ಸರಿ, ಇಂಡಿಯನ್ ಶಾಲೆಗಳು ಅಲ್ಲಿ ಸಾಲುಸಾಲಾಗಿ ಇವೆ. ಬರ್ ದುಬೈ ಆದರೆ ಕರಾಮಾ, ಊದ್ ಮೇತಾ. ಹಳೆಯ ಕಟ್ಟಡಗಳು, ಆದರೆ ಕೆಳಗಿಳಿದರೆ ಕುಚ್ಚಲಕ್ಕಿ, ಬಸಳೆ ಎಲ್ಲ ಸಿಗುತ್ತದೆ. ಜೆಬೆಲ್ ಅಲಿ ಆದರೆ ಶಾರ್ಜಾದ ಮಾತೇ ಬೇಡ, ಡಿಸ್ಕವರಿ ಗಾರ್ಡನ್ಸ್ ನೋಡಿ, ಈಗ ಅಲ್ಲಿಗೆ ಮೆಟ್ರೋ ಕೂಡ ಉಂಟು.

ಶಾಲೆಯ ವಿಷಯಕ್ಕೆ ಬರುತ್ತೇನೆ. ಇಂಡಿಯನ್ ಶಾಲೆಗಳು ಅಲ್ಲಿ ಏಪ್ರಿಲ್‌ನಲ್ಲಿ ಶುರು, ಬೇಸಿಗೆ ರಜೆ ಜುಲೈ-ಆಗಸ್ಟ್. ಈಗ ಅವಸರ ಮಾಡಿ ಸೆಪ್ಟೆಂಬರಿಗೆ ಮಕ್ಕಳನ್ನು ಕರೆದುಕೊಂಡು ಹೋದರೆ ನಡುವರ್ಷದಲ್ಲಿ ಎಲ್ಲಿ ಸೀಟು ಖಾಲಿ ಉಂಟೋ ಅಲ್ಲಿ ಸೇರಿಸಬೇಕಾಗುತ್ತದೆ. ನನ್ನ ಮಾತು ಕೇಳುವುದಾದರೆ ನಿಮ್ಮವರು ಮೊದಲು ಹೋಗಲಿ. ಮಕ್ಕಳು ಇಲ್ಲಿ ವಾರ್ಷಿಕ ಪರೀಕ್ಷೆ ಮುಗಿಸಲಿ. ಆರೇಳು ತಿಂಗಳು ದೂರ ಇರುವುದು ಕಷ್ಟ, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟರಲ್ಲಿ ಅವರು ನಾಲ್ಕು ಶಾಲೆ ಕಣ್ಣಾರೆ ನೋಡಬಹುದು, ಏಪ್ರಿಲ್ ಸೀಟಿಗೆ ಅರ್ಜಿ ಹಾಕಬಹುದು. ಅಲ್ಲಿ ಹಲವು ಶಾಲೆಗಳಲ್ಲಿ ಅರ್ಜಿ ಹಿಂದಿನ ವರ್ಷವೇ ತೆರೆಯುತ್ತದೆ.

ಮಗಳ ವಿಷಯದಲ್ಲಿ ಮಾತ್ರ ಇನ್ನೂ ಒಂದು ವರ್ಷ ತಡ ಮಾಡಬೇಡಿ. ಸಿಬಿಎಸ್ಇಯಲ್ಲಿ ಒಂಬತ್ತಕ್ಕೇ ಬೋರ್ಡಿನ ರಿಜಿಸ್ಟ್ರೇಶನ್, ಹತ್ತಕ್ಕೆ ನೇರ ಸೇರಿಸುವುದು ಬಹಳ ಕಷ್ಟ. ರಾಜ್ಯ ಸಿಲೆಬಸ್‌ನಿಂದ ಬರುವ ಮಗುವಿಗೆ ಎಂಟನೇ ಕ್ಲಾಸಿನಲ್ಲಿ ಒಂದು ವರ್ಷ ಹೊಂದಿಕೊಳ್ಳಲಿಕ್ಕೆ ಸಿಕ್ಕಿದರೆ ದೊಡ್ಡ ಉಪಕಾರ. ಕನ್ನಡ ಅಲ್ಲಿನ ಹೆಚ್ಚಿನ ಶಾಲೆಗಳಲ್ಲಿ ಇಲ್ಲ, ಎರಡನೇ ಭಾಷೆಗೆ ಹಿಂದಿಯೋ ಫ್ರೆಂಚೋ ತೆಗೆದುಕೊಳ್ಳಬೇಕು. ಜೊತೆಗೆ ಒಂಬತ್ತನೇ ಕ್ಲಾಸಿನವರೆಗೆ ಅರೇಬಿಕ್ ಕಡ್ಡಾಯ. ಅವಳ ಹಿಂದಿ ಈಗಿಂದಲೇ ಗಟ್ಟಿ ಆಗಲಿ. ಕನ್ನಡ ಬಿಟ್ಟುಹೋಗುತ್ತದೆ ಅಂತ ಹೆದರಬೇಡಿ, ದುಬೈನಲ್ಲಿ ಕನ್ನಡ ಮಿತ್ರರು ಯುಎಇ ಸಂಘದವರು ಮಕ್ಕಳಿಗೆ ಕನ್ನಡ ಪಾಠಶಾಲೆ ನಡೆಸುತ್ತಾರೆ.

ಮಗನ ಹುಟ್ಟಿದ ತಿಂಗಳು ಯಾವುದು? ನಮ್ಮ ರಾಜ್ಯದಲ್ಲಿ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ತುಂಬಬೇಕು ಅಂತ ಲೆಕ್ಕ. ಅಲ್ಲಿ ಏಪ್ರಿಲ್‌ನಲ್ಲಿ ಶುರುವಾಗುವ ಶಾಲೆಗಳಿಗೆ ಮಾರ್ಚ್ 31. ಏಪ್ರಿಲ್-ಮೇ ತಿಂಗಳಲ್ಲಿ ಹುಟ್ಟಿದ ಮಗು ಆದರೆ ಪುನಃ ಕೆಜಿಯಲ್ಲಿ ಕೂರಬೇಕಾಗಬಹುದು. ನಮ್ಮ ಪರಿಚಯದವರೊಬ್ಬರಿಗೆ ಇದು ಗೊತ್ತಾದದ್ದು ವಿಮಾನ ಇಳಿದ ಮೇಲೆ.

ದುಬೈನ ಖಾಸಗಿ ಶಾಲೆಗಳ ಮೇಲೆ ಕೆಎಚ್‌ಡಿಎ ಅಂತ ಸರಕಾರಿ ಸಂಸ್ಥೆ ಉಂಟು. ತಪಾಸಣೆ ಮಾಡಿ ಔಟ್‌ಸ್ಟ್ಯಾಂಡಿಂಗ್, ವೆರಿ ಗುಡ್, ಗುಡ್, ಆಕ್ಸೆಪ್ಟೆಬಲ್, ವೀಕ್ ಅಂತ ದರ್ಜೆ ಕೊಡುತ್ತಾರೆ. ವರದಿ, ಫೀಸು ಎರಡೂ ಅವರ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ವರದಿ ಯಾವ ವರ್ಷದ್ದು ನೋಡಿ. ದರ್ಜೆಗೆ ಮಾತ್ರ ಮರುಳಾಗಬೇಡಿ. ಗುಡ್ ದರ್ಜೆಯ ಶಾಲೆ ನಡೆದು ಹೋಗುವ ದೂರದಲ್ಲಿದ್ದರೆ, ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಔಟ್‌ಸ್ಟ್ಯಾಂಡಿಂಗ್ ಶಾಲೆಗಿಂತ ನಾನು ಅದನ್ನೇ ಆರಿಸುತ್ತೇನೆ. ಫೀಸು ಕೇಳುವಾಗ ಬಸ್ಸು, ಯೂನಿಫಾರ್ಮ್, ಪುಸ್ತಕ ಸೇರಿಸಿ ಕೇಳಿ. ಕಂಪನಿಯವರು ಶಾಲೆಯ ಫೀಸು ಕೊಡುತ್ತಾರಾ ಅಂತ ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲೇ ಕೇಳಬೇಕು, ಆಮೇಲೆ ಕೇಳಿ ಸುಖ ಇಲ್ಲ.

ಮನೆಗೆ ಮೊದಲ ದಿನವೇ ದೊಡ್ಡ ಗಂಟು ಬೇಕು. ದುಬೈನಲ್ಲಿ ಬಾಡಿಗೆ ವರ್ಷದ ಲೆಕ್ಕ, ಮುಂದಿನ ತಾರೀಕಿನ ಚೆಕ್ಕುಗಳಲ್ಲಿ. ಎಷ್ಟು ಕಡಿಮೆ ಚೆಕ್ಕೋ ಅಷ್ಟು ಬಾಡಿಗೆ ಇಳಿಸುತ್ತಾರೆ. ಸಾಮಾನ್ಯವಾಗಿ ಡೆಪಾಸಿಟ್ ಶೇ. 5, ಏಜೆಂಟಿಗೆ ಶೇ. 5. ಫ್ಲ್ಯಾಟಿಗೆ ಕರೆಂಟು-ನೀರಿನ ಡೀವಾ ಡೆಪಾಸಿಟ್ 2000 ದಿರ್ಹಮ್. ಇಷ್ಟಕ್ಕೇ ಮುಗಿಯುವುದಿಲ್ಲ, ವರ್ಷದ ಬಾಡಿಗೆಯ ಶೇ. 5ರಷ್ಟು ಹೌಸಿಂಗ್ ಫೀ ಪ್ರತಿ ತಿಂಗಳ ಡೀವಾ ಬಿಲ್ಲಿನಲ್ಲಿ ಸ್ವಲ್ಪ ಸ್ವಲ್ಪ ಸೇರಿ ಬರುತ್ತದೆ. ಏಸಿಯ ಚಿಲ್ಲರ್, ಅಂದರೆ ಕಟ್ಟಡಕ್ಕೆಲ್ಲ ತಂಪು ಕೊಡುವ ವ್ಯವಸ್ಥೆಯ ಖರ್ಚು, ಬಾಡಿಗೆಯಲ್ಲೇ ಸೇರಿದೆಯಾ, ಬೇರೆ ಬಿಲ್ಲಾ ಅಂತ ಬಿಡಿಸಿ ಕೇಳಿ. ಕರಾರನ್ನು ಇಜಾರಿ ಅನ್ನುವ ದುಬೈ ಸರಕಾರದ ಬಾಡಿಗೆ ನೋಂದಣಿಯಲ್ಲಿ ನೋಂದಾಯಿಸದೆ ಬೀಗದ ಕೈ ತೆಗೆದುಕೊಳ್ಳಬೇಡಿ.

ಮತ್ತೆ, ಕಟ್ಟಡದ ಸುತ್ತ ಒಮ್ಮೆ ನಡೆದು ನೋಡಿ. 2024ರ ಏಪ್ರಿಲ್ 16ರ ಮಳೆಗೆ ಶಾರ್ಜಾದಲ್ಲೂ ದುಬೈನಲ್ಲೂ ಕೆಲವು ಬೀದಿಗಳಲ್ಲಿ ದಿನಗಟ್ಟಲೆ ನೀರು ನಿಂತಿತ್ತು. ನಮಗೆ ಮಳೆ ಹೊಸದಲ್ಲ, ಆದರೆ ಅಲ್ಲಿ ನೀರು ಹರಿದು ಹೋಗಲಿಕ್ಕೆ ತೋಡು ಇಲ್ಲ. ಆ ಬೀದಿಯ ಅಂಗಡಿಯವರನ್ನು ಕೇಳಿದರೆ ನೀರು ಎಲ್ಲಿವರೆಗೆ ಬಂದಿತ್ತು ಅಂತ ಗೋಡೆ ತೋರಿಸಿ ಹೇಳುತ್ತಾರೆ.

ಕಾಗದಪತ್ರ ಇಲ್ಲಿಂದಲೇ ಮುಗಿಸಿಕೊಂಡು ಹೋಗಿ. ಮದುವೆ ಸರ್ಟಿಫಿಕೇಟು, ಮಕ್ಕಳ ಜನನ ಪತ್ರ ಎರಡಕ್ಕೂ ವಿದೇಶಾಂಗ ಸಚಿವಾಲಯದ ಮತ್ತು ಯುಎಇ ರಾಯಭಾರ ಕಚೇರಿಯ ಅಟೆಸ್ಟೇಶನ್ ಬೇಕು. ಟಿಸಿ ಮೇಲೆ ಯಾರ ಯಾರ ಸೀಲು ಬೇಕು ಅಂತ ಸೇರುವ ಶಾಲೆಯಿಂದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಆಗಸ್ಟ್ ಕೊನೆಯವರೆಗೆ ನಾನು ಇಲ್ಲೇ ಇರುತ್ತೇನೆ. ಒಂದು ಭಾನುವಾರ ಮಕ್ಕಳನ್ನೂ ಕರೆದುಕೊಂಡು ಬನ್ನಿ. ನನ್ನ ಚಿಕ್ಕ ಮಗಳು ರಜೆಯ ಹೋಮ್‌ವರ್ಕಿಗೆ ಅರೇಬಿಕ್ ಪುಸ್ತಕ ತಂದಿದ್ದಾಳೆ. ಬಲದಿಂದ ಎಡಕ್ಕೆ ಹೆಸರು ಬರೆಯುವುದು ಹೇಗೆ ಅಂತ ನಿಮ್ಮ ಮಗಳಿಗೆ ಅವಳೇ ಕಲಿಸುತ್ತಾಳಂತೆ.