ನಾಣ್ಯದಷ್ಟು ಜಾಗದಲ್ಲಿ ಕೂದಲು ಹೋಗಿದೆ, ಇಡೀ ತಲೆ ಬೋಳಾಗುತ್ತಾ?

ತಲೆಯ ಹಿಂದೆ ಗುಂಡಗೆ, ನುಣ್ಣಗೆ ಒಂದು ಜಾಗ ಖಾಲಿಯಾಗಿದೆ, ಎಲ್ಲರೂ ಟೆನ್ಷನ್ನಿಂದ ಅಂತಾರೆ, ಅದು ನಿಜವಾ, ಇನ್ನು ಇಡೀ ತಲೆ ಹೀಗೇ ಆಗುತ್ತಾ ಅಂತ ಕೇಳಿದ್ದೀರಿ, ಕೂದಲು ಬರುವುದು "ಗ್ಯಾರಂಟಿ" ಅನ್ನುವ ಒಂದು ಎಣ್ಣೆಯನ್ನೂ ಹೆಸರಿಸಿದ್ದೀರಿ. ಎರಡನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ, ಯಾಕಂದ್ರೆ ನಿದ್ದೆ ಕೆಡಿಸುವುದು ಅದೇ. ಒಂದೆರಡು ಕಡೆ ಮಾತ್ರ ಕೂದಲು ಹೋದವರಲ್ಲಿ ಹೆಚ್ಚಿನವರಿಗೆ ಇಡೀ ತಲೆ ಬೋಳಾಗುವುದಿಲ್ಲ. ಎಷ್ಟೋ ಜನರಿಗೆ ಒಂದು ವರ್ಷದೊಳಗೆ ಏನೂ ಮಾಡದೆಯೂ ಕೂದಲು ಮತ್ತೆ ಹುಟ್ಟುತ್ತದೆ. ಹಾಗೆ ಹುಟ್ಟಿದ್ದು ಮತ್ತೆ ಉದುರಲೂಬಹುದು. ನನಗೂ ಇದೇ ಕಾಯಿಲೆ. ಬಂದಿದೆ, ಹೋಗಿದೆ, ಮತ್ತೆ ಬಂದಿದೆ, ಒಮ್ಮೆ ಒಂದು ಕಡೆಯ ಹುಬ್ಬಿನ ತುದಿಯೂ ಹೋಗಿತ್ತು.

ನಿಮ್ಮ ತಲೆ ನಾನು ನೋಡಿಲ್ಲ, ಆದರೆ ನೀವು ಬರೆದಿರುವುದು ಅಲೋಪೇಶಿಯಾ ಅರಿಯೇಟಾಕ್ಕೆ ಚೆನ್ನಾಗಿ ಹೊಂದುತ್ತದೆ. ಇದೇನೂ ಅಪರೂಪದ್ದಲ್ಲ, 100 ಜನರಲ್ಲಿ ಸುಮಾರು ಇಬ್ಬರಿಗೆ ಜೀವನದಲ್ಲಿ ಯಾವಾಗಲಾದರೂ ಬರುತ್ತದೆ. ನಮ್ಮ ದೇಹವನ್ನು ಸೋಂಕಿನಿಂದ ಕಾಯುವ ಬಿಳಿ ರಕ್ತಕಣಗಳಿವೆಯಲ್ಲ, ಅವುಗಳಲ್ಲಿ ಟಿ ಕಣ ಅನ್ನುವ ಒಂದು ಬಗೆ ಕೂದಲಿನ ಬುಡವನ್ನೇ ಶತ್ರು ಅಂತ ತಿಳಿದು ಮುತ್ತಿಕೊಳ್ಳುತ್ತದೆ. ಸಾಮಾನ್ಯವಾಗಿ ಕೂದಲ ಬುಡಕ್ಕೆ ಈ ಕಣಗಳ ಕಣ್ಣಿಗೆ ಬೀಳದ ಹಾಗೆ ಒಂದು ರಕ್ಷಣೆ ಇರುತ್ತದೆ, ಅದು ಕಳಚಿ ಬಿದ್ದಾಗ ದಾಳಿ ಶುರು. ಕೂದಲು ಬೆಳೆಯುವುದನ್ನು ನಿಲ್ಲಿಸಿ ಉದುರುತ್ತದೆ. ಆದರೆ ಬುಡ ಸಾಯುವುದಿಲ್ಲ, ಚರ್ಮದ ಕೆಳಗೆ ಸುಮ್ನೆ ಮಲಗಿರುತ್ತದೆ. ನಾನು ಇಲ್ಲಿ ಒಂದೇ ಒಂದು ಮಾತು ಹೇಳಬೇಕು ಅಂದರೆ ಇದನ್ನೇ ಹೇಳುತ್ತೇನೆ. ಬುಡ ಜೀವಂತವಾಗಿದೆ, ದಾಳಿ ನಿಂತರೆ ವರ್ಷಗಳ ನಂತರವೂ ಅದು ಎದ್ದೇಳಬಹುದು.

ಹಾಗಾದರೆ ಟೆನ್ಷನ್? ಕೆಲವರಿಗೆ ದೊಡ್ಡ ಆಘಾತದ ನಂತರ ಶುರುವಾಗಿರುವುದು ನಿಜ, ಆದರೆ ಅದೇ ಕಾರಣ ಅಂತ ಹೇಳಲಾಗದು. ಮನೆತನದಲ್ಲಿ ಬರುವ ಜೀನ್‌ಗಳ ಪಾತ್ರ ದೊಡ್ಡದು. ಥೈರಾಯ್ಡ್ ಕಾಯಿಲೆ, ತೊನ್ನು, ಚರ್ಮದ ಅಲರ್ಜಿ ಇರುವವರಲ್ಲಿ ಇದು ಜಾಸ್ತಿ ಕಾಣುತ್ತದೆ. ಹಾಗಾಗಿ "ನೀನು ಯೋಚನೆ ಮಾಡೋದು ಬಿಟ್ಟರೆ ಸರಿಹೋಗುತ್ತೆ" ಅನ್ನುವ ಮಾತನ್ನು ದಯವಿಟ್ಟು ಮನಸ್ಸಿಗೆ ತೆಗೆದುಕೊಳ್ಳಬೇಡಿ. ಕೂದಲು ಹೋದ ಸಂಕಟದ ಮೇಲೆ "ನಾನೇ ತಂದುಕೊಂಡೆ" ಅನ್ನುವ ಭಾರ ಬೇರೆ ಯಾಕೆ? ನೀವು ತಂದುಕೊಂಡದ್ದಲ್ಲ. ಎಣ್ಣೆಯಿಂದಲೂ ಬಂದದ್ದಲ್ಲ, ಶಾಂಪೂವಿನಿಂದಲೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ.

ಆದರೂ ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಲೇಬೇಕು, ಯಾಕಂದ್ರೆ ಬೋಳು ಜಾಗ ಅಂದರೆಲ್ಲ ಇದೇ ಅಲ್ಲ. ಜಾಗದಲ್ಲಿ ಹೊಟ್ಟು ಏಳುತ್ತಿದ್ದು, ಕೂದಲು ಬುಡದಲ್ಲೇ ಮುರಿದಿದ್ದರೆ, ಅದರಲ್ಲೂ ಮಕ್ಕಳಲ್ಲಿ, ಅದು ಫಂಗಸ್ ಇರಬಹುದು. ಅದು ಹರಡುತ್ತದೆ, ಅದಕ್ಕೆ ಮುಲಾಮು ಸಾಲದು, ಮಾತ್ರೆಯೇ ಬೇಕು. ಜ್ವರ, ಹೆರಿಗೆ ಅಥವಾ ಆಪರೇಷನ್ ಆಗಿ ಎರಡು ಮೂರು ತಿಂಗಳಿಗೆ ತಲೆಯ ತುಂಬ ಕೂದಲು ಉದುರುತ್ತದಲ್ಲ, ಅದು ಬೇರೆ, ಅದರಲ್ಲಿ ಗುಂಡಗಿನ ಖಾಲಿ ಜಾಗ ಆಗುವುದಿಲ್ಲ, ಸಾಮಾನ್ಯವಾಗಿ ಆರೇಳು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಬಿಗಿಯಾಗಿ ಜಡೆ ಕಟ್ಟಿ ಕಟ್ಟಿ ಹಣೆಯಂಚಿನ ಕೂದಲು ಹೋಗುವುದೂ ಇದೆ. ಗೊತ್ತಿಲ್ಲದೆ ಕೂದಲು ಕಿತ್ತುಕೊಳ್ಳುವ ಅಭ್ಯಾಸ ಇರುವವರಲ್ಲಿ ಉದ್ದ ಗಿಡ್ಡ ಕೂದಲು ಬೆರೆತ ಜಾಗ ಕಾಣುತ್ತದೆ. ಇವೆಲ್ಲಕ್ಕಿಂತ ಬೇಗ ಹಿಡಿಯಬೇಕಾದದ್ದು ಗಾಯದ ಕಲೆ ಬಿಡುವ ಜಾತಿ. ಲೈಕನ್ ಪ್ಲಾನೋಪೈಲಾರಿಸ್, ಡಿಸ್ಕಾಯ್ಡ್ ಲೂಪಸ್ ಇಂಥವು. ಅವು ಬುಡವನ್ನೇ ಸುಟ್ಟುಹಾಕುತ್ತವೆ, ಒಮ್ಮೆ ಹೋದದ್ದು ಮತ್ತೆ ಹುಟ್ಟುವುದಿಲ್ಲ. ಉರಿ, ನೋವು, ಕೆಂಪು, ಕೂದಲಿನ ರಂಧ್ರಗಳೇ ಕಾಣದಷ್ಟು ಹೊಳೆಯುವ ಚರ್ಮ ಇದ್ದರೆ ನಾಳೆ ನಾಡಿದ್ದು ಅನ್ನಬೇಡಿ.

ನಮ್ಮ ಕಾಯಿಲೆಯ ಗುರುತು ಅಂದರೆ ಅಂಚಿನಲ್ಲಿ ಬುಡಕ್ಕೆ ಹೋಗ್ತಾ ಹೋಗ್ತಾ ಸಣ್ಣಗಾಗುವ ಮೋಟು ಕೂದಲು. ಆಶ್ಚರ್ಯಸೂಚಕ ಚಿಹ್ನೆಯ ಹಾಗೇ ಕಾಣುತ್ತದೆ. ಡಾಕ್ಟರು ಡರ್ಮಸ್ಕೋಪ್ ಎಂಬ ಭೂತಗನ್ನಡಿಯಲ್ಲಿ ಇದನ್ನೇ ಹುಡುಕುತ್ತಾರೆ. ಉಗುರುಗಳನ್ನೂ ತೋರಿಸಿ, ಅವುಗಳ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳಿದ್ದರೆ ಅದೂ ಒಂದು ಸುಳಿವು.

ಚಿಕಿತ್ಸೆಯ ವಿಷಯ. ದೊಡ್ಡವರಲ್ಲಿ ಸಣ್ಣ ಜಾಗಗಳಿಗೆ ಹೆಚ್ಚಾಗಿ ಮೊದಲು ಕೊಡುವುದು ಟ್ರೈಯಾಮ್ಸಿನೋಲೋನ್ ಎಂಬ ಸ್ಟೆರಾಯ್ಡ್‌ನ ಚುಚ್ಚುಮದ್ದು, ಅದೇ ಜಾಗದ ಚರ್ಮದೊಳಗೆ, ನಾಲ್ಕರಿಂದ ಆರು ವಾರಕ್ಕೊಮ್ಮೆ. ನೋಯುತ್ತದೆ, ಆದರೆ ತಡೆದುಕೊಳ್ಳುವಷ್ಟು. ಚುಚ್ಚಿದ ಕಡೆ ಚರ್ಮ ಸ್ವಲ್ಪ ಗುಳಿ ಬೀಳಬಹುದು, ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ನನಗೆ ಮೊದಲು ಬಂದದ್ದು ಬೆಳ್ಳಗಿನ ನವಿರು ಕೂದಲು, ಅದನ್ನು ನೋಡಿ ಗಾಬರಿಯಾಗಬೇಡಿ, ಬಣ್ಣ ಆಮೇಲೆ ಬರುತ್ತದೆ.

ಅರ್ಧ ತಲೆಗಿಂತ ಜಾಸ್ತಿ ಹೋದವರಿಗೆ ಈಗ ಜ್ಯಾಕ್ ಇನ್ಹಿಬಿಟರ್ ಅನ್ನುವ ಮಾತ್ರೆಗಳಿವೆ. ಬ್ಯಾರಿಸಿಟಿನಿಬ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು, 12 ವರ್ಷ ದಾಟಿದವರಿಗೂ ಕೊಡಬಹುದಾದ ರಿಟ್ಲೆಸಿಟಿನಿಬ್‌ಗೆ 2023ರಲ್ಲಿ. ಬ್ಯಾರಿಸಿಟಿನಿಬ್‌ನ ಎರಡು ದೊಡ್ಡ ಪರೀಕ್ಷೆಗಳಲ್ಲಿ ದಿನಕ್ಕೆ 4 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಜನರಿಗೆ 36 ವಾರದಲ್ಲಿ ತಲೆಯ 100ಕ್ಕೆ 80 ಭಾಗವಾದರೂ ಕೂದಲು ತುಂಬಿತ್ತು. ಮದ್ದಿಲ್ಲದ ಮಾತ್ರೆ ನುಂಗಿದವರಲ್ಲಿ ಅಂಥವರು 100ಕ್ಕೆ 3ರಿಂದ 6 ಅಷ್ಟೇ. ನನಗೆ ಇದು ಸಣ್ಣ ಸಂಗತಿ ಅನಿಸುವುದಿಲ್ಲ, ಇಡೀ ತಲೆ ಹೋದವರಿಗೆ ಅಲ್ಲಿಯವರೆಗೆ ನೆಚ್ಚಿಕೊಳ್ಳಬಹುದಾದ ಮದ್ದೇ ಇರಲಿಲ್ಲ. ಆದರೆ ಸೋಂಕಿನ ಅಪಾಯ ಇದೆ, ಶುರು ಮಾಡುವ ಮೊದಲು ಕ್ಷಯದ ಪರೀಕ್ಷೆ, ರಕ್ತ ಪರೀಕ್ಷೆ ಬೇಕು, ಮಾತ್ರೆ ನಿಲ್ಲಿಸಿದರೆ ತುಂಬ ಜನರಿಗೆ ಮತ್ತೆ ಉದುರುತ್ತದೆ. ಒಂದು ನಾಣ್ಯದಷ್ಟು ಜಾಗಕ್ಕೆ ಇದನ್ನು ಯಾರಾದರೂ ಬರೆದುಕೊಟ್ಟರೆ ಇನ್ನೊಬ್ಬ ಡಾಕ್ಟರನ್ನೂ ಕೇಳಿ.

ಇನ್ನು, ನೀವು ಹೆಸರಿಸಿದ "ಗ್ಯಾರಂಟಿ" ಎಣ್ಣೆಯ ಬಗ್ಗೆ. ತಾನಾಗಿಯೇ ವಾಸಿಯಾಗುವ ಕಾಯಿಲೆಗೆ ಏನು ಹಚ್ಚಿದರೂ ಅದೇ ವಾಸಿ ಮಾಡಿದ ಹಾಗೆ ಕಾಣುತ್ತದೆ, ಅಲ್ವಾ? ಹಚ್ಚಿದವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಕೂದಲು ಬಂದದ್ದು ನಿಜವೇ. ಮದ್ದಿಲ್ಲದ ಮಾತ್ರೆಯ ಜೊತೆ ಹೋಲಿಸಿ ನೋಡುವುದು ಅದಕ್ಕೇ. ಚರ್ಮ ಉರಿದು ಬೊಬ್ಬೆ ಏಳುವಂಥದ್ದನ್ನು ಮಾತ್ರ ಯಾರು ಹೇಳಿದರೂ ಉಜ್ಜಬೇಡಿ.

ಈಗಲೇ ಒಂದು ಫೋಟೋ ತೆಗೆದಿಡಿ, ತಿಂಗಳಿಗೊಂದರಂತೆ ಅದೇ ಬೆಳಕಲ್ಲಿ, ಅದೇ ದೂರದಿಂದ. ದಿನಾ ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ, ಕೂದಲು ಬೆಳೆಯುವುದೇ ತಿಂಗಳಿಗೆ ಒಂದು ಸೆಂಟಿಮೀಟರ್. ಮೂರು ತಿಂಗಳೊಳಗೆ ಹೊಸ ಜಾಗಗಳು ಕಂಡರೆ, ಅಥವಾ ಕಿವಿಯ ಹಿಂದಿನಿಂದ ಕತ್ತಿನ ಅಂಚಿನುದ್ದಕ್ಕೂ ಪಟ್ಟಿಯ ಹಾಗೆ ಹೋಗತೊಡಗಿದರೆ, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಆ ಪಟ್ಟಿಯ ಬಗೆ ಸ್ವಲ್ಪ ಹಟಮಾರಿ, ಚಿಕಿತ್ಸೆಗೆ ನಿಧಾನವಾಗಿ ಬಗ್ಗುತ್ತದೆ.